ಕಾಲಿಗೆ ಬರುವ ಸೈಡ್ ಡ್ರಮ್

ಸೈಡ್ ಡ್ರಮ್ ಎಂದರೆ ದೊಡ್ಡ ಡ್ರಮ್ ಕೊಂಡವರಿಗೆ ಜೊತೆಯಲ್ಲಿ ಪುಕ್ಕಟೆ ಸಿಗುವ ಚಿಕ್ಕ ಡ್ರಮ್ ಎಂದು ಪ್ರಶಾಂತ್ ನಂಬಿದ್ದ. ತಪ್ಪು ಪೂರ್ತಿ ಅವನದಲ್ಲ. ಅಮೆರಿಕದ ಹರ್ನ್‌ಡನ್ನಿಗೆ ಬಂದ ಮೇಲೆ ಅವನು ಉಂಡ ಹೋಟೆಲುಗಳಲ್ಲೆಲ್ಲ ಸೈಡ್ ಎಂದರೆ ಒಂದು ಹಿಡಿ ಆಲೂಗಡ್ಡೆ ಫ್ರೈಸು, ಇಲ್ಲವೇ ಒಂದಿಷ್ಟು ಹಸಿ ಸೊಪ್ಪು. ಕೇಳದಿದ್ದರೂ ತಟ್ಟೆಯ ಅಂಚಿಗೆ ಬಂದು ಕೂರುವಂಥದ್ದು. ಹಾಗಾಗಿ ಮನೆ ಮಾಲೀಕರಾದ ಮೋನಪ್ಪ ಅಂಕಲ್ "ನನಗೊಂದು ಒಳ್ಳೆ ಸೈಡ್ ಡ್ರಮ್ ನೋಡು ಮಾರಾಯ, ರೇಟು ಜಾಸ್ತಿ ಆಗ್ಬಾರ್ದು" ಎಂದಾಗ, ಅವನು ಮಹಾ ಜಾಣನಂತೆ ಫೇರ್‌ಫ್ಯಾಕ್ಸಿನ ವಾದ್ಯದಂಗಡಿಗೆ ಹೋಗಿ, ಗಡ್ಡಕ್ಕೆ ಮಣಿ ಪೋಣಿಸಿಕೊಂಡಿದ್ದ ಸೇಲ್ಸ್‌ಮನ್‌ನನ್ನು ಹಿಡಿದು, ಈ ಡ್ರಮ್ಮುಗಳಲ್ಲಿ ಯಾವುದರ ಜೊತೆ ಸೈಡ್ ಬರುತ್ತದೆ ಎಂದು ಕೇಳಿದ.

ಆ ಮನುಷ್ಯ ಸ್ವಲ್ಪ ಹೊತ್ತು ಗಡ್ಡದ ಮಣಿ ತಿರುಗಿಸಿದ. ಆಮೇಲೆ ಗಂಭೀರವಾಗಿ, "ಸೂಪೋ, ಸಲಾಡೋ?" ಎಂದ.

ಮನೆಗೆ ಬಂದು ಇದನ್ನು ವರದಿ ಮಾಡಿದಾಗ ಜಲಜಾಕ್ಷಿ ಆಂಟಿ ಹೆಚ್ಚುತ್ತಿದ್ದ ಬೆಂಡೆಕಾಯಿ ಬಿಟ್ಟು ಕುರ್ಚಿ ಹಿಡಿದು ನಕ್ಕರು. ಮೋನಪ್ಪ ಅಂಕಲ್ ನಗಲಿಲ್ಲ.

"ನೀನು ಶಾಲೆಯಲ್ಲಿ ಬ್ಯಾಂಡ್ ನೋಡಿಲ್ವಾ? ಸೊಂಟದ ಬದಿಗೆ ಕಟ್ಟಿಕೊಂಡು ಬಡಿಯುದು. ಅಡಿಯಲ್ಲಿ ತಂತಿ ಇರ್ತದೆ. ಊರಲ್ಲಿ ಅದಕ್ಕೆ ಸೈಡ್ ಡ್ರಮ್ ಹೇಳುದು."

"ಮೈಸೂರಲ್ಲಿ ಬ್ಯಾಂಡ್ ಇರೋ ದಿನ ನಾನು ಹೊಟ್ಟೆ ನೋವು ಅಂತ ಮನೇಲಿರ್ತಿದ್ದೆ ಅಂಕಲ್."

ಇಲ್ಲಿ ಅದರ ಹೆಸರು ಸ್ನೇರ್. ಅಷ್ಟು ತಿಳಿಯಲು ಅವನಿಗೆ ಒಂದು ಶನಿವಾರ ಹಿಡಿಯಿತು.

ಹೆಸರು ಪ್ರಶಾಂತ. ಹೆಸರಿಟ್ಟವರು ಆಮೇಲೆ ಒಮ್ಮೆಯೂ ಅವನನ್ನು ಸರಿಯಾಗಿ ನೋಡಿದಂತಿಲ್ಲ. ಕೂತಲ್ಲಿ ಮಂಡಿ ಕುಣಿಸುತ್ತಾನೆ, ನಿಂತಲ್ಲಿ ಬೀಗದ ಕೈ ಆಡಿಸುತ್ತಾನೆ, ಸಿಕ್ಕ ಮೇಜಿನ ಮೇಲೆಲ್ಲ ಬೆರಳು ಬಡಿಯುತ್ತಾನೆ. ಮೂರು ಮೂರು ತಿಂಗಳಿಗೆ ನವೀಕರಣವಾಗುವ ಕಾಂಟ್ರಾಕ್ಟ್ ಕೆಲಸ. ಮೊದಲ ತಿಂಗಳು ಉಳಿಯಿತಲ್ಲ ಎಂಬ ಪುಳಕ, ಎರಡನೆಯದು ಉಳಿಯುತ್ತದೆಯೇ ಎಂಬ ಗುಮಾನಿ, ಮೂರನೆಯದು ಬರೀ ಬೆರಳು. ಒಮ್ಮೆ ವಿಡಿಯೋ ಮೀಟಿಂಗಿನ ನಡುವೆ ಕ್ಲೈಂಟ್ ಹೆಂಗಸು, ನಿಮ್ಮ ಮನೆಯ ಹತ್ತಿರ ಏನಾದರೂ ಕಟ್ಟುತ್ತಿದ್ದಾರೆಯೇ ಎಂದು ಕೇಳಿದ್ದಳು. ಹೌದು, ಪಕ್ಕದಲ್ಲಿ ಕಟ್ಟುತ್ತಿದ್ದಾರೆ ಎಂದುಬಿಟ್ಟಿದ್ದ. ಅಂದಿನಿಂದ ಆಕೆ ಪ್ರತಿ ಮೀಟಿಂಗಿನಲ್ಲೂ ಕಟ್ಟಡ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾಳೆ. ಈಗ ಅದು ನಾಲ್ಕನೇ ಮಹಡಿಗೆ ಬಂದಿದೆ.

ಅವನು ಬಾಡಿಗೆಗಿದ್ದದ್ದು ಮೋನಪ್ಪನವರ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ. ಅಲ್ಲಿ ಮಲಗಿದರೆ ಮೇಲಿನ ಮನೆಯ ಸಂಸಾರವೆಲ್ಲ ಹೆಜ್ಜೆಯ ಸದ್ದಿನಲ್ಲೇ ಗೊತ್ತಾಗುತ್ತದೆ. ಆಂಟಿಯದು ಚಪ್ಪಲಿ ಸವರಿದ ಹಾಗೆ. ಅಂಕಲ್‌ದು ಒಂದು ಕಾಲು ಗಟ್ಟಿ, ಒಂದು ಕಾಲು ಮೆತ್ತಗೆ. ಆಂಟಿ ಕೌಂಟಿ ಲೈಬ್ರರಿಯ ಕೆಲಸಕ್ಕೆ ಹೊರಟ ಮೇಲೆ ಮಾತ್ರ ಬೇರೆ ಒಂದು ಸದ್ದು: ಧಪ್, ತಡೆದು ಧಪ್ ಧಪ್, ಆಮೇಲೆ ಸೋಫಾ ಕಿರುಗುಟ್ಟುವುದು, ಆಮೇಲೆ ತುಳುವಿನಲ್ಲಿ ಏನೋ ಬೈಗುಳ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಇರಬೇಕು ಎಂದುಕೊಂಡು ಪ್ರಶಾಂತ್ ಹೊದಿಕೆ ಎಳೆದುಕೊಳ್ಳುತ್ತಿದ್ದ.

ಮೋನಪ್ಪ ಮಂಗಳೂರಿನ ಉರ್ವದವರು. ಫಾರ್ಮಸಿ ಓದಿ, ತೊಂಬತ್ತರ ದಶಕದಲ್ಲಿ ವರ್ಜೀನಿಯಾಕ್ಕೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಅಂದಿನಿಂದ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವರು. ನಿಂತರು ಎಂದರೆ ಅಕ್ಷರಶಃ ನಿಂತದ್ದೇ. ಅಲ್ಲಿ ಕುರ್ಚಿ ಇಲ್ಲ. ನಿಂತೂ ನಿಂತೂ ಬಲಮಂಡಿಯ ಒಳಗಿನ ಮೆತ್ತೆಯೆಲ್ಲ ಸವೆದು ಈಗ ಎಲುಬಿಗೆ ಎಲುಬು ತಾಗುತ್ತಿತ್ತು. ದಸರಾ ಕಳೆದ ಮೇಲೆ, ನವೆಂಬರ್ ಮೊದಲ ವಾರ ಆಪರೇಷನ್. ಬಹಳ ಕಾದು ಸಿಕ್ಕಿದ ತಾರೀಕು. ಅಷ್ಟರೊಳಗೆ ಮಂಡಿ ತಿರುಚಿದರೆ, ಊದಿಕೊಂಡರೆ ತಾರೀಕು ಹೋಯಿತು, ಮತ್ತೆ ಸಾಲಿನ ತುದಿಗೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆಂಟಿ ಆ ದಿನಗಳಿಗೆಂದು ರಜೆ ಕೂಡಿಟ್ಟಿದ್ದರು. ಮೆಟ್ಟಿಲಿಗೆ ಎರಡನೇ ಹಿಡಿಕಂಬಿ ಹಾಕಿಸಿದ್ದರು. ಕಾರ್ಪೆಟ್ಟಿನ ಮಡಿಕೆಗಳನ್ನೂ ಬಿಡದೆ ಟೇಪು ಹಚ್ಚಿ ಕೂರಿಸಿದ್ದರು.

ಇಂಥ ಹೊತ್ತಿನಲ್ಲಿ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಸಿದ್ದೇಶ್ವರಿಯವರ ಫೋನು ಬಂತು. ಹುಬ್ಬಳ್ಳಿಯವರು, ಮಾತು ಸ್ಪೀಕರಿನಲ್ಲಿ ಹಾಕದಿದ್ದರೂ ಬೇಸ್‌ಮೆಂಟಿಗೆ ಕೇಳುತ್ತದೆ. ಈ ಸಲದ ದಸರಾಕ್ಕೆ ಸಂಘದ ಹುಡುಗ ಹುಡುಗಿಯರು ಹುಲಿವೇಷ ಕುಣಿಯುತ್ತಾರೆ, ಮಂಗಳೂರಿನವರೆಂದು ನಿಮಗೆ ಹೇಳುತ್ತಿದ್ದೇನೆ, ಬಂದು ಆಶೀರ್ವಾದ ಮಾಡಿ ಎಂದರು.

"ತಾಸೆ ಯಾರು ಬಡಿಯುದು?" ಎಂದು ಮೋನಪ್ಪ ಕೇಳಿದರು. ಹುಲಿವೇಷಕ್ಕೆ ತಾಸೆಯೇ ಜೀವ. ಬೋಗುಣಿಯಂಥ ಮೈಯ ಸಣ್ಣ ಚರ್ಮವಾದ್ಯ; ಬೆತ್ತದ ಕಡ್ಡಿ ಬಿದ್ದರೆ ಬೀದಿಯ ಆ ತುದಿಗೆ ಸಿಡಿಯುತ್ತದೆ.

"ತಾಸೆ ಯಾಕ್ರೀ? ಫೋನ್‌ನ್ಯಾಗ ಐತಲ್ಲ. ಬ್ಲೂಟೂತ್ ಹಚ್ಚತೀವಿ."

"ಫೋನಿಗೆ ಹುಲಿ ಕುಣಿಸ್ತೀರಾ? ಹಾಗಾದ್ರೆ ಹುಲಿವೇಷ ಹೇಳ್ಬೇಡಿ. ಬೆಕ್ಕಿನ ವೇಷ ಹೇಳಿ."

"ಹಂಗಾರ ನೀವ ಬಂದು ಬಾರಸ್ರಿ ಮೋನಪ್ಪನವರ. ರಿಹರ್ಸಲ್‌ಗೆ ಬಾಜಾ ಬಂತೋ, ಹುಲಿ. ಬರಲಿಲ್ಲೋ, ಆ ಟೈಮ್ ಸೀರಿ ಫ್ಯಾಷನ್ ಶೋದವರಿಗೆ ಕೊಡತೀನಿ. ಅವರು ದಿನಾ ಜೀವಾ ತಿನ್ನಾಕತ್ಯಾರ."

"ಬರ್ತದೆ," ಎಂದರು ಮೋನಪ್ಪ.

ಜಲಜಾಕ್ಷಿ ಆಂಟಿ ಅಲ್ಲೇ ಇದ್ದರು. ಗಂಡ ಹೆಂಡತಿ ಮಾತಾಡುವುದು ತುಳುವಿನಲ್ಲಿ. ಆಂಟಿಗೆ ಜಗಳಕ್ಕೊಬ್ಬ ಸಾಕ್ಷಿ ಬೇಕೆನಿಸಿದಾಗ ಮಾತ್ರ, ಪ್ರಶಾಂತನ ಕಡೆ ಅರ್ಧ ತಿರುಗಿ, ಕನ್ನಡಕ್ಕೆ ಬರುತ್ತಾರೆ. ಆ ದಿನ ಕನ್ನಡಕ್ಕೆ ಬಂದರು.

"ಬಾರಿಸುದಾದ್ರೆ ಕುರ್ಚಿಯಲ್ಲಿ ಕೂತು ಬಾರಿಸಿ. ನಿಂತು ಅಲ್ಲ. ಕೇಳಿತಾ? ಪ್ರಶಾಂತ, ನೀನೂ ಕೇಳಿದ್ದಿ."

"ಮಂಡಿ ಕೊಯ್ಯುವ ಮೊದಲು ಒಮ್ಮೆ, ಅಷ್ಟೇ," ಎಂದರು ಅಂಕಲ್.

ಊರಿಂದ ತಾಸೆ ತರಿಸುವಂತಿರಲಿಲ್ಲ. ದಸರಾದ ಒಳಗೆ ಬಂದು ಮುಟ್ಟುವುದಿಲ್ಲ. ಮುಟ್ಟಿದರೂ ಚರ್ಮ ತಂಪಾದಾಗ ಬೆಂಕಿಗೆ ಹಿಡಿದು ಬಿಸಿ ಮಾಡಬೇಕು. ಶಾಲೆಯ ಸಭಾಂಗಣದಲ್ಲಿ ಬೆಂಕಿ ಹಚ್ಚಿದರೆ ಚಾವಣಿಯಿಂದ ನೀರು ಸುರಿದು ಹುಲಿಗಳ ಬಣ್ಣ ಇಳಿಯುತ್ತದೆ. ಆದ್ದರಿಂದ ಸೈಡ್ ಡ್ರಮ್. ಊರಿನಲ್ಲೂ ಈಗ ಕೆಲವರು ಅದನ್ನೇ ಬಿಗಿ ಮಾಡಿ ಬಡಿಯುತ್ತಾರಂತೆ. ಕಾರು ಓಡಿಸಲು ಮಂಡಿ ಬಿಡದ ಕಾರಣ ಪ್ರಶಾಂತನೇ ಸಾರಥಿ.

ಮತ್ತೆ ಅದೇ ಅಂಗಡಿ, ಅದೇ ಗಡ್ಡ. ಪ್ರಶಾಂತ್ ಕಪಾಟಿನ ಹಿಂದೆ ಅವಿತುಕೊಳ್ಳಲು ನೋಡಿದ, ಆಗಲಿಲ್ಲ. ಮೋನಪ್ಪ ಕೌಂಟರಿಗೆ ಮೊಣಕೈ ಊರಿ, ಕೌಂಟರಿನ ಈ ಬದಿಗೆ ನಿಂತದ್ದು ಜೀವನದಲ್ಲೇ ಮೊದಲೇನೋ ಎಂಬಂತೆ ಸುತ್ತ ನೋಡಿ, "ಬ್ರ್ಯಾಂಡ್ ಹೆಸರು ಬೇಡ. ಜೆನೆರಿಕ್ ಕೊಡಿ. ಒಳಗಿನ ಮದ್ದು ಒಂದೇ ಇರ್ಲಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗಡ್ಡದವನಿಗೆ ಇವರಿಬ್ಬರ ಸಂಬಂಧ ಆಗ ಸ್ಪಷ್ಟವಾಯಿತು.

ಪಾಪ, ಅವನು ಒಳ್ಳೆಯವನೇ. ಮರದ ಮೈ, ಉಕ್ಕಿನ ಮೈ ಎರಡನ್ನೂ ಮುಂದಿಟ್ಟ. ಮರದ್ದು ದುಂಡು ಸದ್ದು, ಉಕ್ಕಿನದು ಹರಿತ. ಆಳವಿದ್ದಷ್ಟು ಸದ್ದು ದಪ್ಪ. ಬಿಗಿ ಮಾಡುವ ತಿರುಪು ಹೆಚ್ಚಿದ್ದಷ್ಟು ಶ್ರುತಿ ನಿಲ್ಲುತ್ತದೆ. ಹೊಸತರಲ್ಲಿ ಅಗ್ಗದ್ದು ಕೊಳ್ಳುವ ಬದಲು ಹಳೆಯದರಲ್ಲಿ ಒಳ್ಳೆಯದು ಕೊಳ್ಳಿ, ಉಕ್ಕು ತುಕ್ಕು ಹಿಡಿಯದಿದ್ದರೆ ಸಾಕು, ಬಡಿಯುವ ಮೇಲಿನ ಪ್ಲಾಸ್ಟಿಕ್ ಹಾಳೆ ಬದಲಿಸಿಕೊಂಡರಾಯಿತು ಎಂದು ತನ್ನ ಅಂಗಡಿಗೇ ನಷ್ಟವಾಗುವ ಬುದ್ಧಿಮಾತನ್ನೂ ಹೇಳಿದ. ಪ್ರಶಾಂತ್ ಒಂದನ್ನು ಮಗುಚಿ ನೋಡಿದ. ಅಡಿಯಲ್ಲಿ ಸುರುಳಿ ಸುರುಳಿ ತಂತಿಗಳ ಪಟ್ಟಿ. "ಪ್ಯಾಕಿಂಗ್ ತಂತಿ ಬಿಚ್ಚೋಕೆ ಮರೆತಿದ್ದಾರೆ," ಎಂದು ತೋರಿಸಿದ. ಗಡ್ಡದವನು ಅವನ ಕೈಯಿಂದ ಡ್ರಮ್ಮನ್ನು ಮೆಲ್ಲಗೆ, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವಂತೆ, ಬಿಡಿಸಿಕೊಂಡ. ಆ ತಂತಿಯೇ ಸ್ನೇರ್. ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ. ಎಳೆದರೆ ತಂತಿ ಹಾಳೆಗೆ ಕಚ್ಚಿ ಝರ್ ಎನ್ನುತ್ತದೆ, ಬಿಟ್ಟರೆ ಬರೀ ಟಣ್.

"ಬಡಿ," ಎಂದರು ಮೋನಪ್ಪ.

"ನಾನಾ? ನೀವು ಬಾರಿಸಿ ಅಂಕಲ್."

"ಬಾರಿಸುವವನ ಕಿವಿಗೆ ಸರಿ ಕೇಳುದಿಲ್ಲ. ನೀನು ಬಡಿ, ನಾನು ದೂರ ನಿಂತು ಕೇಳ್ತೇನೆ. ಹೇಗೂ ನಮ್ಮ ಊಟದ ಮೇಜು ಬಡಿದು ಬಡಿದು ಅಭ್ಯಾಸ ಉಂಟಲ್ಲ ನಿನಗೆ." ಆಮೇಲೆ ಬಾಯಲ್ಲೇ ಪೆಟ್ಟು ಹೇಳಿಕೊಟ್ಟರು. "ಟ್ರಕ್ಕಡ ಟಕ್ಕ ಟ. ಟ್ರಕ್ಕಡ ಟಕ್ಕ ಟ. ಕೊನೆಯ ಟ ಮೇಲೆ ನಿಲ್ಬೇಡ. ಅದರಿಂದ ಜಾರ್ಬೇಕು."

ಪ್ರಶಾಂತ್ ಬಡಿದ. ಮೋನಪ್ಪ ಕಿವಿ ಕೊಡಲಿಲ್ಲ. ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ತಲೆಯಾಡಿಸಿದರು.

"ಬೇಡ. ಕಾಲಿಗೆ ಬರುದಿಲ್ಲ."

ಕಿವಿಗೆ ಬರಲ್ಲ ಎನ್ನಲು ಹೋಗಿ ಕಾಲು ಎಂದಿರಬೇಕು, ಇಲ್ಲವೇ ಮಂಗಳೂರಿನ ಕಡೆ ಹಾಗೆ ಹೇಳುತ್ತಾರೇನೋ ಎಂದು ಪ್ರಶಾಂತ್ ಸುಮ್ಮನಾದ. ಸೂಪು ಸಲಾಡಿನ ನಂತರ ಅವನು ಅನುಮಾನವಿದ್ದಲ್ಲಿ ಕೇಳುವುದನ್ನು ನಿಲ್ಲಿಸಿದ್ದ.

ಅಲ್ಲಿಂದ ಶುರುವಾಯಿತು ಅಲೆದಾಟ. ಕೆಲಸ ಮುಗಿದ ಕೂಡಲೇ ಫೋನಿನಲ್ಲಿ ಹಳೇ ಸಾಮಾನಿನ ಜಾಹೀರಾತು ತಡಕುವುದು, ಟೋಲ್ ರೋಡಿನ ಕೆಂಪು ದೀಪಗಳ ಸಾಲಿನಲ್ಲಿ ಸ್ಟಿಯರಿಂಗ್ ಬಡಿಯುತ್ತ ಕೂರುವುದು, ಯಾರದೋ ಗ್ಯಾರೇಜಿನಲ್ಲಿ ನಿಂತು ಟ್ರಕ್ಕಡ ಟಕ್ಕ ಟ. ಸ್ಟರ್ಲಿಂಗಿನಲ್ಲಿ ಒಂದು ಮರದ್ದು: "ಅವಲಕ್ಕಿ ಕುಟ್ಟಿದ ಹಾಗೆ." ಲೀಸ್‌ಬರ್ಗಿನಲ್ಲಿ ಮೊಣಕೈಯುದ್ದ ಆಳದ್ದು: "ಇದು ಸಿಪಾಯಿಗಳಿಗೆ. ಹುಲಿ ಮಾರ್ಚ್ ಮಾಡುದಿಲ್ಲ." ಹೊಳೆಯುವ ಹೊಸ ತಾಮ್ರದ್ದೊಂದನ್ನು ಪ್ರಶಾಂತ್ ಆಸೆಯಿಂದ ಸವರಿದಾಗ, "ಪೆಟ್ಟಿಗೆ ಚಂದ ಉಂಟು. ಮದ್ದು ಇಲ್ಲ." ಎಲ್ಲ ಕಡೆ ಪ್ರಶಾಂತನೇ ಬಡಿದದ್ದು, ಎಲ್ಲ ಕಡೆ ಅಂಕಲ್ ಬೂಟು ನೋಡಿದ್ದು. ಸಿಕ್ಕ ಕಡ್ಡಿಗಳೆಲ್ಲ ದಪ್ಪವೆಂದು ಕೊರಿಯನ್ ಅಂಗಡಿಯಿಂದ ಅಡುಗೆಗೆ ಬಳಸುವ ಉದ್ದನೆಯ ಚಾಪ್‌ಸ್ಟಿಕ್ ತಂದಿದ್ದರು. ಅದು ಬೆತ್ತದ ಹತ್ತಿರಕ್ಕೆ ಬರುತ್ತಿತ್ತು. ಡ್ರಮ್ ಮಾರುವವರು ಇವರ ಕೈಯಲ್ಲಿ ಚಾಪ್‌ಸ್ಟಿಕ್ ಕಂಡು ಬೆಲೆ ಇಳಿಸುವ ಬದಲು ಬಾಗಿಲು ಹಾಕಿಕೊಳ್ಳಲು ನೋಡುತ್ತಿದ್ದರು.

ರಿಹರ್ಸಲ್ ಹತ್ತಿರವಾಯಿತು. ಕಾಂಟ್ರಾಕ್ಟಿನ ಮೂರನೇ ತಿಂಗಳೂ ಬಂತು. ಸಿದ್ದೇಶ್ವರಿಯವರು "ಏನ್ರೀ, ಹುಲಿಯೋ ಸೀರಿಯೋ?" ಎಂದು ಸಂದೇಶ ಕಳಿಸತೊಡಗಿದರು. ಪ್ರಶಾಂತನಿಗೆ ನಿದ್ದೆಯಲ್ಲೂ ಬೆರಳು ಆಡುತ್ತಿತ್ತು. ತಾನೇಕೆ ಇಷ್ಟು ಹಚ್ಚಿಕೊಂಡಿದ್ದೇನೆ ಎಂದು ಅವನಿಗೇ ಗೊತ್ತಾಗಲಿಲ್ಲ. ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಯಾರನ್ನೂ ಕೇಳುವಂತಿರಲಿಲ್ಲ. ಈ ಡ್ರಮ್ ಸರಿಯೋ ಇಲ್ಲವೋ ಎಂದಾದರೆ ಹೇಳಲು ಒಬ್ಬರಿದ್ದರು. ಅಷ್ಟೇ ಇರಬೇಕು.

ಕೊನೆಗೆ ಸಿಕ್ಕಿದ್ದು ಮನಾಸಸಿನಲ್ಲಿ. ಒಬ್ಬಾಕೆ ತಮ್ಮನ ಸಾಮಾನು ಖಾಲಿ ಮಾಡುತ್ತಿದ್ದಳು. ತಮ್ಮ ಡ್ರಮ್ ಬಿಟ್ಟು ಹಾವು ಸಾಕಲು ಶುರುಮಾಡಿದ್ದನಂತೆ. ಉಕ್ಕಿನ ಮೈ, ತೀರ ತೆಳುವು, ರೊಟ್ಟಿ ಡಬ್ಬಿಯಷ್ಟು ಆಳ. "ಮೊದಲೇ ಹೇಳಿಬಿಡುತ್ತೇನೆ, ಪಕ್ಕದ ಲಿವರ್ ಮುರಿದಿದೆ. ತಂತಿ ಕಚ್ಚುವುದಿಲ್ಲ. ಅದಕ್ಕೇ ಯಾರೂ ಒಯ್ಯುತ್ತಿಲ್ಲ," ಎಂದಳು.

"ತಾಸೆಗೆ ತಂತಿ ಎಲ್ಲುಂಟು?" ಎಂದು ಮೋನಪ್ಪ ತಿರುಪಿನ ಕೀಲಿ ಇಸಿದುಕೊಂಡು, ಎದುರು ಬದುರು ತಿರುಪುಗಳನ್ನು ಒಂದೊಂದಾಗಿ ಬಿಗಿದರು. ಹಾಳೆ ಹರಿಯುತ್ತದೆ ಎಂದು ಆಕೆ ಕೈಯೆತ್ತುವಷ್ಟು ಬಿಗಿದರು. "ಬಡಿ."

ಪ್ರಶಾಂತ್ ಬಡಿದ. ಟ್ರಕ್ಕಡ ಟಕ್ಕ ಟ. ಸದ್ದು ಗ್ಯಾರೇಜಿನ ಗೋಡೆಗೆ ಬಡಿದು ಸೀದಾ ರಸ್ತೆಗೆ ಹಾರಿತು. ಎದುರುಮನೆಯ ನಾಯಿ ಎದ್ದು ನಿಂತಿತು. ಅವನು ತಲೆಯೆತ್ತಿ ನೋಡುವಷ್ಟರಲ್ಲಿ ಮೋನಪ್ಪನವರ ಬೂಟು ಆಡುತ್ತಿತ್ತು. ಮೊದಲು ಹಿಮ್ಮಡಿ, ಆಮೇಲೆ ಇಡೀ ಪಾದ, ಆಮೇಲೆ ಭುಜ. ಕೈಬೆರಳುಗಳು ಉಗುರಾಗಿ ಮಡಚಿದವು. ಡ್ರೈವ್‌ವೇಯ ಇಳಿಜಾರಿನಲ್ಲಿ, ಅರವತ್ತು ದಾಟಿದ ಆ ಮನುಷ್ಯ ಸೊಂಟ ತಗ್ಗಿಸಿ, ಧಪ್, ತಡೆದು ಧಪ್ ಧಪ್, ಎಡಕ್ಕೆ ಹಾರಿ ಬಲಕ್ಕೆ ತಿರುಗಿ ಆ ನಾಯಿಯನ್ನು ದಿಟ್ಟಿಸಿದರು. ನಾಯಿ ಬೊಗಳುವುದನ್ನು ಮರೆತು ಮನೆಯ ಹಿಂದಕ್ಕೆ ಹೋಯಿತು.

ಆ ಸದ್ದು ಪ್ರಶಾಂತನಿಗೆ ಗೊತ್ತಿತ್ತು. ಎಷ್ಟೋ ಬೆಳಿಗ್ಗೆ ಅದರ ಕೆಳಗೇ ಮಲಗಿದ್ದ.

"ತಕೊಳ್ಳುವ," ಎಂದರು ಮೋನಪ್ಪ, ಕಾರಿಗೆ ಒರಗಿ ಮಂಡಿ ಹಿಡಿದುಕೊಂಡು. ಬೆಲೆ, ಇಬ್ಬರು ಸಾಧಾರಣ ಹೋಟೆಲಿನಲ್ಲಿ ಸೈಡ್ ಸಮೇತ ಉಂಡಷ್ಟು.

ಕಾರಿನಲ್ಲಿ ಪ್ರಶಾಂತನೇ ಬಾಯಿ ತೆಗೆದ. "ಅಂಕಲ್, ನಿಮಗೆ ಬಾರಿಸೋಕೆ ಬರುತ್ತಾ?"

"ಇಲ್ಲ."

"ಮತ್ತೆ ಊರಲ್ಲಿ..."

"ಊರಲ್ಲಿ ನಾನು ಹುಲಿ ಮಾರಾಯ. ಹುಲಿ ಬಡಿಯುದಾ? ಕಾಲೇಜಿಗೆ ಹೋಗುವಾಗ ದಸರಾದಲ್ಲಿ ಬಣ್ಣ ಹಾಕಿ ಕುಣಿತಿದ್ದೆ. ಮೈ ಪೂರ್ತಿ ಆಯಿಲ್ ಪೇಂಟ್. ಕೂರ್ಲಿಕ್ಕೂ ಆಗುದಿಲ್ಲ, ಮಲಗ್ಲಿಕ್ಕೂ ಆಗುದಿಲ್ಲ. ಆಗಲೇ ನಿಲ್ಲುದು ಅಭ್ಯಾಸ ಆದದ್ದು."

"ಹರಕೆ ಏನಾದ್ರೂ ಇತ್ತಾ?"

"ಹರಕೆಯೂ ಇಲ್ಲ, ಎಂತದ್ದೂ ಇಲ್ಲ. ಕುಣಿಲಿಕ್ಕೆ ಮನಸ್ಸು. ಹೊಸ ಮಂಡಿ ಹಾಕ್ತಾರಲ್ಲ, ಅದು ನಡಿಲಿಕ್ಕೆ ಒಳ್ಳೇದಂತೆ, ಮೆಟ್ಟಿಲು ಹತ್ತಲಿಕ್ಕೆ ಒಳ್ಳೇದಂತೆ. ಆದ್ರೆ ಹಾರ್ಬಾರ್ದಂತೆ. ಕುಣಿದದ್ದು ಈ ಮಂಡಿ. ಇದು ಹೋಗುವ ಮೊದಲು ಒಮ್ಮೆ."

"ಹಂಗಾದ್ರೆ ಬಾರ್ಸೋದ್ಯಾರು?"

ಅಂಕಲ್ ಅವನ ಕಡೆ ನೋಡಿದರು. ಅವನ ಬೆರಳು ಆಗಲೇ ಸ್ಟಿಯರಿಂಗಿನ ಮೇಲಿತ್ತು. ಕೊನೆಯ ಟ ಮೇಲೆ ನಿಲ್ಲದೆ ಜಾರುತ್ತಿತ್ತು.

"ಜಲಜನಿಗೆ ಹೇಳ್ಬೇಡ," ಎಂದರು.

ಹೇಳಬೇಡ ಎನ್ನುವುದು ಸುಲಭ. ಆಂಟಿಯ ಕೈಯ ಸಾರು ಉಂಡು, ಆಂಟಿ ಟೇಪು ಹಚ್ಚಿದ ಕಾರ್ಪೆಟ್ಟಿನ ಮೇಲೆ ನಡೆದು, ಆಂಟಿಗೆ ಸುಳ್ಳು ಹೇಳುವುದು ಪ್ರಶಾಂತನಿಗೆ ಕ್ಲೈಂಟಿನ ಕಟ್ಟಡದಷ್ಟು ಸಲೀಸಾಗಿರಲಿಲ್ಲ. ಬಿದ್ದರೆ ಆಪರೇಷನ್ ತಪ್ಪುತ್ತದೆ. ತಪ್ಪಿದರೆ ಕಾರಣ ಯಾರೆಂದರೆ ಬೇಸ್‌ಮೆಂಟಿನವನು. ಎರಡು ಸಲ ಅಂಕಲ್‌ಗೆ ಬೇಡವೆನ್ನಲು ಮೆಟ್ಟಿಲು ಹತ್ತಿದ. ಎರಡು ಸಲವೂ ಅವರು, ಕೂತಲ್ಲಿಂದಲೇ, "ಆ ಮೂರನೇ ಪೆಟ್ಟು ಇನ್ನೂ ಸೋಮಾರಿ ಉಂಟು," ಎಂದು ವಾಪಸು ಕಳಿಸಿದರು.

ರಿಹರ್ಸಲ್ ಶನಿವಾರ, ಆಂಟಿಗೆ ಲೈಬ್ರರಿ. ಪ್ರಶಾಂತ್ ಬಡಿದ, ಮೋನಪ್ಪ ಕುರ್ಚಿಯಲ್ಲಿ ಕೂತು ಬಾಯಲ್ಲಿ ಪೆಟ್ಟು ಹೇಳಿದರು, ಆರು ಹುಲಿಗಳು ಇಂಗ್ಲಿಷಿನಲ್ಲಿ ಕಿರುಚುತ್ತ ಕುಣಿದವು. "ಬಾರ್ಸಾವರು ನೀವಂದಿದ್ರಿ?" ಎಂದರು ಸಿದ್ದೇಶ್ವರಿ. "ಬಾಜಾ ಬರ್ತದೆ ಹೇಳಿದ್ದೆ. ಬಂತಲ್ಲ?" ಎಂದರು ಮೋನಪ್ಪ. ಸೀರೆಯವರಿಗೆ ಜಾಗವಿಲ್ಲವೆಂದು ಫೋನು ಹೋಯಿತು.

ಇನ್ನು ವೇಷ. ಅದು ಅಕ್ಟೋಬರ್; ಹ್ಯಾಲೋವೀನಿಗೆಂದು ಅಮೆರಿಕದ ಅಂಗಡಿಗಳಲ್ಲೆಲ್ಲ ಹುಲಿ, ಕರಡಿ, ಎಲುಬು. ಪ್ರಶಾಂತ್ ತನ್ನ ಹೆಸರಿನಲ್ಲೇ ತರಿಸಿದ. ಡಬ್ಬಿ ಆಂಟಿಯ ಕೈಗೆ ಸಿಕ್ಕಿತು. ಮೇಲೆ ಹುಲಿಯ ಚಿತ್ರ, ಪಕ್ಕದಲ್ಲಿ ಅಳತೆ.

"ಹ್ಯಾಲೋವೀನ್‌ಗೆ ನೀನು ಹುಲಿಯಾ?"

"ಹೂಂ ಆಂಟಿ."

"ಎಕ್ಸ್ಟ್ರಾ ಲಾರ್ಜಾ?"

ಪ್ರಶಾಂತ್ ತನ್ನನ್ನು ತಾನೇ ಮೇಲಿಂದ ಕೆಳಗೆ ನೋಡಿಕೊಂಡ. ಹ್ಯಾಂಗರಿಗೆ ಅಂಗಿ ಹಾಕಿದರೆ ಅವನಿಗಿಂತ ತುಂಬಿಕೊಂಡು ಕಾಣುತ್ತದೆ. "ತೊಳೆದ್ರೆ ಕುಗ್ಗುತ್ತಂತೆ ಆಂಟಿ."

"ಹೌದಾ," ಎಂದು ಆಂಟಿ ಡಬ್ಬಿ ಕೊಟ್ಟರು. ಒಂದು ಕ್ಷಣ ಹೆಚ್ಚಾಗಿಯೇ ಹಿಡಿದುಕೊಂಡು ಕೊಟ್ಟರು.

ಕಾರ್ಯಕ್ರಮದ ಮಧ್ಯಾಹ್ನ ಫೇರ್‌ಫ್ಯಾಕ್ಸಿನ ಶಾಲೆಯ ಸಭಾಂಗಣದಲ್ಲಿ ಪುಳಿಯೋಗರೆಯ ಘಮ, ರೇಷ್ಮೆ ಸೀರೆ, ಮೈಕಿನ ಕೂಗು. ವೇದಿಕೆಯ ಎಡತುದಿಯಲ್ಲಿ ಪ್ರಶಾಂತ್ ನಿಂತ. ಸೊಂಟದ ಬದಿಗೆ, ಲ್ಯಾಪ್‌ಟಾಪ್ ಚೀಲದ ಪಟ್ಟಿಯಲ್ಲಿ, ಲಿವರ್ ಮುರಿದ ಡ್ರಮ್. ಪಕ್ಕದಲ್ಲಿ ಮೋನಪ್ಪನವರಿಗೆಂದು ಇಟ್ಟ ಕುರ್ಚಿ, ಖಾಲಿ. ಮೂರನೇ ಸಾಲಿನಲ್ಲಿ ಜಲಜಾಕ್ಷಿ ಆಂಟಿ, ಮಡಿಲಲ್ಲಿ ದೊಡ್ಡ ಕೈಚೀಲ. ಅವರು ಕುರ್ಚಿ ನೋಡಿದರು, ಪ್ರಶಾಂತನನ್ನು ನೋಡಿದರು, ಮತ್ತೆ ಕುರ್ಚಿ ನೋಡಿದರು.

ಬೇರೆ ದಾರಿಯಿರಲಿಲ್ಲ. ಅವನು ಬಡಿದ.

ಆರು ಹುಲಿಗಳು ಬಂದವು. ಮಕ್ಕಳ ಅಪ್ಪ ಅಮ್ಮಂದಿರು ಎದ್ದು ಫೋನೆತ್ತಿದರು. ಆಮೇಲೆ, ಪರದೆಯ ಸಂದಿಯಿಂದ, ಏಳನೆಯದು. ಅಂಗಡಿಯ ಹುಲಿಯ ನಗುಮೊಗಕ್ಕೆ ಕಪ್ಪು ಬಣ್ಣದಲ್ಲಿ ಹುಬ್ಬು ಗಂಟಿಕ್ಕಿಸಿ, ಕೆಂಪು ನಾಲಗೆ ಬರೆಯಲಾಗಿತ್ತು. ಒಂದು ಕಾಲು ಗಟ್ಟಿ, ಒಂದು ಕಾಲು ಮೆತ್ತಗೆ. ವೇದಿಕೆಯ ನಡುವಿಗೆ ಬಂದು ಸುಮ್ಮನೆ ನಿಂತಿತು; ನಿಂತ ರೀತಿಗೇ ಮಕ್ಕಳು ಹಿಂದೆ ಸರಿದು ಜಾಗ ಬಿಟ್ಟರು. ಆಮೇಲೆ ಸೊಂಟ ತಗ್ಗಿತು, ಉಗುರು ಮಡಚಿತು, ಹಾರಿತು.

ಪ್ರಶಾಂತ್ ಮೂರನೇ ಸಾಲು ನೋಡಿದ. ನೋಡಬಾರದಿತ್ತು. ಆಂಟಿ ಚಪ್ಪಾಳೆ ತಟ್ಟುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹುಲಿಯ ಬಲಮಂಡಿಯನ್ನೊಂದೇ ನೋಡುತ್ತಿದ್ದರು. ನಿಲ್ಲಿಸಿಬಿಡಲೇ ಎನಿಸಿತು. ಹಾರಿದ ಹುಲಿ ಇಳಿಯುವ ಮೊದಲೇ ಪೆಟ್ಟು ನಿಂತರೆ ಏನಾಗುತ್ತದೋ ಎಂದು ಹೆದರಿ, ನಿಲ್ಲಿಸುವ ಬದಲು ನಿಧಾನ ಮಾಡಿದ. ಡ್ರಮ್ಮಿನ ಸದ್ದು ಎಳೆಯತೊಡಗಿತು. ಹುಲಿ ಗಾಳಿಯಲ್ಲಿ ಒಂದು ಹೆಜ್ಜೆ ತಪ್ಪಿ, ವಾಲಿ, ಹೇಗೋ ನೆಲ ಕಂಡುಕೊಂಡಿತು. ರಬ್ಬರಿನ ಬಾಯೊಳಗಿಂದ ಮಂಗಳೂರು ಗುಡುಗಿತು:

"ಬಡಿ ಮಾರಾಯ! ಬೀಳಿಸ್ತಿಯಾ ನನ್ನನ್ನು?"

ಎದುರಿನ ಸಾಲುಗಳು ಘೊಳ್ಳೆಂದವು. ಪ್ರಶಾಂತ್ ಬಡಿದ. ಕಾಂಟ್ರಾಕ್ಟಿನ ಮೂರನೇ ತಿಂಗಳು, ಕ್ಲೈಂಟಿನ ನಾಲ್ಕನೇ ಮಹಡಿ, ಎಲ್ಲ ಸೇರಿಸಿ ಬಡಿದ. ಒಂದು ಚಾಪ್‌ಸ್ಟಿಕ್ ಸೀಳಿತು, ಸೀಳಿದ್ದರಲ್ಲೇ ಬಡಿದ. ಅವನ ಮಂಡಿ ಮಾತ್ರ, ಹುಟ್ಟಿದಾಗಿನಿಂದ ಮೊದಲ ಬಾರಿ, ಅಲ್ಲಾಡದೆ ನಿಂತಿತ್ತು. ಹುಲಿ ಮೂರು ಸುತ್ತು ಬಂದು, ನೆಲಕ್ಕೆ ಕೈಯೂರಿ, ಸಭೆಯ ಕಡೆ ಮುಖ ಮಾಡಿ ಗರ್ಜಿಸಿತು. ಮೂರನೇ ಸಾಲಿನ ಕಡೆಗೆ ಮಾತ್ರ ಮುಖ ಮಾಡಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಇಳಿಯುತ್ತಿತ್ತು. ಮೋನಪ್ಪ ಕಾರಿನ ಹಿಂಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತಿದ್ದರು. ಹುಲಿಯ ತಲೆ ಮಡಿಲಲ್ಲಿತ್ತು. ಮಂಡಿ ಊದುತ್ತಿದೆಯೋ ಇಲ್ಲವೋ ಪ್ಯಾಂಟಿನ ಮೇಲಿಂದ ಹೇಳುವಂತಿರಲಿಲ್ಲ. ಪ್ರಶಾಂತ್ ಡ್ರಮ್ಮನ್ನು ಎದೆಗೆ ಅವಚಿಕೊಂಡು, ಯಾವ ಕಡೆ ನಿಂತರೆ ಬೈಗುಳ ಕಡಿಮೆ ತಾಗುತ್ತದೆ ಎಂದು ಜಾಗ ಹುಡುಕುತ್ತಿದ್ದ. ಆಂಟಿ ನಡೆದು ಬಂದರು, ಅವಸರವಿಲ್ಲದೆ. ಕೈಚೀಲ ತೆರೆದರು. ಒಳಗಿಂದ ಟವೆಲಿನಲ್ಲಿ ಸುತ್ತಿದ ಐಸ್ ಪ್ಯಾಕ್ ತೆಗೆದರು. ಮನೆಯ ಫ್ರೀಜರಿನದು, ಬೆಳಿಗ್ಗೆಯೇ ಹಾಕಿಕೊಂಡು ಬಂದದ್ದು.

ಬಗ್ಗಿ ಅದನ್ನು ಗಂಡನ ಮಂಡಿಗೆ ಒತ್ತಿದರು. ಮೋನಪ್ಪ ಹಲ್ಲು ಕಚ್ಚಿದರು. ತುಳುವಿನಲ್ಲಿ ಏನೋ ಕೇಳಿದರು. ಇದು ಯಾವಾಗ ತಂದೆ ಎಂದಿರಬೇಕು. ಆಂಟಿ ಟವೆಲು ಬಿಗಿಯಾಗಿ ಸುತ್ತಿ, ನೆಟ್ಟಗೆ ನಿಂತು, ಪ್ರಶಾಂತನ ಕಡೆ ಅರ್ಧ ತಿರುಗಿದರು. ಕನ್ನಡಕ್ಕೆ ಬಂದರು.

"ನನ್ನ ಹತ್ರ ಒಂದು ಮಾತು ಯಾಕೆ ಕೇಳ್ಲಿಲ್ಲ ನೀವು?"

ಪ್ರಶಾಂತ್ ಡ್ರಮ್ಮಿನ ತಿರುಪು ಎಣಿಸತೊಡಗಿದ. ಮೋನಪ್ಪ ಹುಲಿಯ ತಲೆಯನ್ನು ಪಕ್ಕಕ್ಕಿಟ್ಟರು. ಹೆಂಡತಿಯ ಮುಖ ನೋಡಿದರು. ಅವರೂ ಕನ್ನಡದಲ್ಲೇ ಹೇಳಿದರು.

"ನೀನು ಬೇಡ ಹೇಳಿದ್ರೆ ನಾನು ಕುಣಿತಾ ಇರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ."